ಗುರುಸಿದ್ದವ್ವನ ಬಾಗಿಲ ಸಾಲು

ಆ ರಾಜ್ಯದ ಸಂವಿಧಾನ ಪುಸ್ತಕದಲ್ಲಿರಲಿಲ್ಲ. ಮನೆಗೊಂದು ಸಾಲಿನಂತೆ ಬಾಗಿಲ ಚೌಕಟ್ಟಿನ ಮೇಲೆ ಕೆತ್ತಿತ್ತು. ಮನೆ ಬಿದ್ದರೆ ಆ ಸಾಲಿನ ಹಕ್ಕನ್ನು ಇಡೀ ರಾಜ್ಯವೇ ಕಳೆದುಕೊಂಡಂತೆ.

ನೇಕಾರರ ಗುರುಸಿದ್ದವ್ವ ದಿನದಂತೆ ತನ್ನ ಸಾಲಿಗೆ ಎಣ್ಣೆ ಒರೆಸುತ್ತಿದ್ದಾಗ, ರಸ್ತೆ ಅಗಲ ಮಾಡುವ ಸಾಹೇಬ ಬುಲ್ಡೋಜರ್ ತಂದು ನಿಲ್ಲಿಸಿದ.

"ಮಗ್ಗ ಹೊತಗೊಂಡು ಎಲ್ಲಿಗೆ ಹೋಗ್ಲಿರಿ, ಸಾಹೇಬ್ರ? ಇರ್ಲಿ, ಕೆಡವೂ ಮೊದಲ ಓದೂದು ಪದ್ಧತಿ. ಓದ್ರಿ," ಎಂದಳು.

ಸಾಹೇಬ ಆಕಳಿಸುತ್ತಲೇ ಓದಿದ: "ಒಪ್ಪಿಗೆಯಿಲ್ಲದೆ ಯಾರ ಮನೆಯನ್ನೂ ಮುಟ್ಟತಕ್ಕದ್ದಲ್ಲ."

ಆಕಳಿಕೆ ಬಾಯಲ್ಲೇ ಉಳಿಯಿತು. ಊರೂರಿನ ಮನೆಗಳನ್ನೆಲ್ಲ, ತನ್ನ ಮನೆಯನ್ನೂ, ಇಷ್ಟು ದಿನ ಈ ಎರಡು ಮೊಳದ ಮರವೇ ಎತ್ತಿ ಹಿಡಿದಿತ್ತೇ? ಬುಲ್ಡೋಜರಿನ ಸದ್ದು ನಿಂತಿತು. ಸಾಹೇಬ ಬೂಟು ಬಿಚ್ಚಿಟ್ಟು ಹತ್ತಿರ ಬಂದ.

"ಎಣ್ಣಿ ಅರಿವಿ ಇತ್ತ ಕೊಡ್ರಿ, ಅವ್ವಾ. ಆ ತುದಿ ನಿಮಗ ನಿಲುಕೂದಿಲ್ಲ."