ಹೊರಟವರ ಬೆನ್ನಿಗೆ ಪೊರಕೆ

ಮೂರು ನಿಮಿಷ ಬಿಡುವು ಮಾಡಿಕೊಂಡು ಓದಿ... ಮುಂದೆ ಪೊರಕೆ ಹಿಡಿದಾಗಲೆಲ್ಲ ಒಮ್ಮೆ ನೆನಪಾಗಬಹುದು.

ಮೈಸೂರಿನ ಒಂದು ಆಸ್ಪತ್ರೆಯ ಹಿಂದಿನ ರಸ್ತೆ. ಅಲ್ಲಿ ಮೂರನೇ ಮಹಡಿಯಲ್ಲಿ ದಿನದ ಬಾಡಿಗೆಗೆ ಕೊಡುವ ಒಂದು ಫ್ಲ್ಯಾಟು.

ಅರಮನೆ ನೋಡಲು ಬಂದವರೂ ಅಲ್ಲೇ ಇಳಿಯುತ್ತಾರೆ... ಆಸ್ಪತ್ರೆಗೆ ಬಂದವರೂ ಅಲ್ಲೇ.

ಆ ಮನೆಯನ್ನು ಸ್ವಚ್ಛ ಮಾಡುವವಳು ಶಿವನಂಜಮ್ಮ.

ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಸಿಗುವುದು ಗಂಟೆ, ಒಂದೂವರೆ ಗಂಟೆ. ಅಷ್ಟರಲ್ಲಿ ಹಿಂದಿನವರು ಇದ್ದರೆಂಬ ಸುಳಿವೇ ಉಳಿಯಬಾರದು. ಒಂದು ಕೂದಲು, ಕನ್ನಡಿಯ ಮೇಲೊಂದು ಬೆರಳ ಗುರುತು, ಒಗ್ಗರಣೆಯ ವಾಸನೆ... ಏನೂ.

ಈಗಾಗಲೇ ಎರಡು ಸಲ ಗೆಸ್ಟ್‌ಗಳು ಬುಕಿಂಗ್ ಆ್ಯಪಿನಲ್ಲಿ ಸ್ಟಾರ್ ಕಮ್ಮಿ ಕೊಟ್ಟಿದ್ದರು. ಒಬ್ಬರು ನೆಲದ ಮೇಲಿದ್ದ ಕೂದಲಿನ ಫೋಟೋ ಬೇರೆ ಹಾಕಿದ್ದರು.

"ಇನ್ನೊಂದ್ಸಲ ಹೀಗಾದ್ರೆ ಈ ಕೆಲ್ಸ ಏಜೆನ್ಸಿಯವ್ರಿಗೆ ಕೊಟ್ಬಿಡ್ತೀನಿ ಶಿವನಂಜಮ್ಮ... ಬೇಜಾರು ಮಾಡ್ಕೋಬೇಡಿ" ಎಂದಿದ್ದರು ಮನೆಯ ಒಡತಿ ಮಂದಾಕಿನಿ ಮೇಡಂ.

ಜೊತೆಗೊಂದು ಹೊಸ ರೂಲ್ಸು. ಗೆಸ್ಟ್ ಹೊರಟ ಐದೇ ನಿಮಿಷಕ್ಕೆ ಮನೆಯೆಲ್ಲ ಗುಡಿಸಿ ವಿಡಿಯೋ ಕಳಿಸಬೇಕು. ಮಿಕ್ಕ ಕೆಲಸ ಆಮೇಲೆ.

ಅವತ್ತೇ ಅದರ ಮೊದಲ ದಿನ.

ಹನ್ನೊಂದು ಗಂಟೆಗೆ ಹೊರಟವರು ಗುಂಡ್ಲುಪೇಟೆ ಕಡೆಯ ವಯಸ್ಸಾದ ದಂಪತಿ. ಯಜಮಾನರಿಗೆ ಮಧ್ಯಾಹ್ನ ಹಾರ್ಟ್ ಆಪರೇಷನ್.

"ಎರಡು ದಿನಕ್ಕೆ ಆರು ಬ್ಯಾಗು ಹೊತ್ಕಂಡ್ ಬಂದವ್ಳೆ ನೋಡವ್ವ... ಕೊನೆಗೆ ನನ್ನೊಬ್ಬನ್ನೇ ಮರ್ತು ಬುಟ್ಟಾಳು!" ಎಂದು ನಕ್ಕರು ಅವರು.

ಹೆಂಡತಿ ಗೌರಮ್ಮ ನಗಲಿಲ್ಲ. ಬಾಗಿಲಲ್ಲಿ ನಿಂತು ಒಳಗೊಮ್ಮೆ ನೋಡಿ, "ಬತ್ತೀವಿ ಕಣಕ್ಕ" ಎಂದಷ್ಟೇ ಹೇಳಿದರು.

"ಹೋಗ್ಬುಟ್ ಬನ್ನಿ... ಒಳ್ಳೇದಾಯ್ತದೆ."

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಶಿವನಂಜಮ್ಮ ಪೊರಕೆ ಎತ್ತಿಕೊಂಡಳು...

ಕೈ ಮುಂದಕ್ಕೆ ಹೋಗಲಿಲ್ಲ.

ಪ್ರಯಾಣಕ್ಕೆ ಹೊರಟವರ ಬೆನ್ನಿಗೇ ಕಸ ಗುಡಿಸಬಾರದು... ಇದು ಅವಳ ಅವ್ವ ಹೇಳಿಕೊಟ್ಟ ಮಾತು. ಹಾಗೆ ಗುಡಿಸುವುದು ತಿರುಗಿ ಬಾರದವರ ಹಿಂದೆ ಮಾತ್ರ.

ಅವಳ ಮನೆಯಲ್ಲಿ ಹಾಗೆ ಪೊರಕೆ ಆಡಿದ್ದು ಒಂದೇ ಒಂದು ಸಲ. ಗಂಡನ ಹೆಣ ಎತ್ತಿದ ದಿನ.

ಫೋನ್ ರಿಂಗಾಯಿತು. "ವಿಡಿಯೋ ಎಲ್ಲಿ ಶಿವನಂಜಮ್ಮ? ಹನ್ನೆರಡಕ್ಕೆ ಮುಂದಿನ ಗೆಸ್ಟ್ ಬರ್ತಾರೆ!"

"ಈಗ್ಲೇ ಮಾಡ್ತೀನಿ ಮೇಡಮ್ಮೋರೆ..."

ಗುಡಿಸಿದರೆ ಎದೆಯೊಳಗೆ ಮುಳ್ಳು. ಗುಡಿಸದಿದ್ದರೆ ಕೆಲಸ ಹೋಗುತ್ತದೆ.

ಧೂಳು ಬರುತ್ತದೆಂದು ಆ ಮನೆಯ ಕಿಟಕಿಗಳನ್ನೂ ತೆರೆಯುವಂತಿಲ್ಲ. ನಾಲ್ಕು ಗೋಡೆಗಳೂ ಹತ್ತಿರ ಹತ್ತಿರ ಬಂದಂತಾಯಿತು.

ಕೊನೆಗೆ ಪೊರಕೆಯನ್ನು ಮೂಲೆಗಿಟ್ಟಳು.

ಹಾಸಿಗೆಯ ಹೊದಿಕೆ ಬದಲಿಸಿದಳು. ಬಚ್ಚಲು ಉಜ್ಜಿದಳು. ಸ್ಟವ್ ಒರೆಸಿದಳು. ಫ್ಯಾನಿನ ರೆಕ್ಕೆಗಳನ್ನೂ ಬಿಡಲಿಲ್ಲ. ಫೋನ್ ಬಡಿದುಕೊಳ್ಳುತ್ತಲೇ ಇತ್ತು... ಎತ್ತಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಮೇಡಂ ಸ್ಕೂಟರ್ ಹತ್ತಿ ತಾವೇ ಬಂದುಬಿಟ್ಟರು.

"ಪೊರಕೆನೇ ಮುಟ್ಟಿಲ್ವಲ್ರೀ! ಹೂವಿನ ಎಸಳು ಹಂಗೇ ಬಿದ್ದಿದೆ. ಏನು, ಪೂಜೆ ಮಾಡ್ತಿದ್ರಾ ಇಷ್ಟೊತ್ತು?"

ಶಿವನಂಜಮ್ಮ ತಡವರಿಸುತ್ತಾ ವಿಷಯ ಹೇಳಿದಳು.

ಮೇಡಂ ಹಣೆ ಚಚ್ಚಿಕೊಂಡರು. "ಇದು ನಿಮ್ಮನೆ ಅಲ್ಲ, ನಮ್ಮನೆನೂ ಅಲ್ಲ. ಬಿಸಿನೆಸ್ಸು! ದಿನಾ ಯಾರೋ ಬರ್ತಾರೆ, ಯಾರೋ ಹೋಗ್ತಾರೆ. ಕೊಡಿ ಇಲ್ಲಿ..." ಎಂದು ತಾವೇ ಪೊರಕೆ ತೆಗೆದುಕೊಂಡು ಬಗ್ಗಿದರು.

ಆಗಲೇ ಲಿಫ್ಟ್ ತೆರೆದುಕೊಂಡಿತು.

ಗೌರಮ್ಮ... ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಕಣ್ಣು ಮೊದಲು ಪೊರಕೆಯ ಮೇಲೆ ಬಿತ್ತು. ಆಮೇಲೆ ನೆಲದ ಮೇಲೆ.

"ಇನ್ನೂ... ಗುಡಿಸಿಲ್ವಾ?"

ದೂರು ಬಂತೆಂದೇ ಮೇಡಂ ಗಾಬರಿಯಾದರು. "ಸಾರಿ ಅಮ್ಮ, ಇವ್ರು ಸ್ವಲ್ಪ ನಿಧಾನ. ಇನ್ನೈದು ನಿಮಿಷ..."

ಗೌರಮ್ಮ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. ಕಣ್ಣಲ್ಲಿ ನೀರು ದಳದಳ ಸುರಿಯತೊಡಗಿತು.

"ಸ್ಕ್ಯಾನಿಂಗ್ ರಿಪೋರ್ಟ್ ಮರ್ತು ಓಡ್ ಬಂದೆ ಕಣವ್ವ... ಬಾಡಿಗೆ ಮನೆ, ನಾವು ಹೊಂಟೇಟ್ಗೇ ಗುಡಿಸಿ ಹಾಕಿರ್ತಾರೆ ಅಂತ ದಾರಿಯುದ್ದಕೂ ಎದೆ ಹೊಡ್ಕತಿತ್ತು. ಅವರ್ಗೆ ಹೇಳುದ್ರೆ ನಗ್ತಾರೆ, ನನ್ ಸಂಕಟ ಯಾರ್ಗೆ ಹೇಳನೆ? ನೀವು... ನಮ್ಮೋರಂಗೆ ಕಾದಿದ್ದೀರಲ್ಲ..."

ಶಿವನಂಜಮ್ಮ ಅವರ ಕೈ ಹಿಡಿದು ಎಬ್ಬಿಸಿದಳು. ಟಿವಿ ಪಕ್ಕದಲ್ಲಿದ್ದ ರಿಪೋರ್ಟ್ ಚೀಲವನ್ನು ಎದೆಗವಚಿಕೊಂಡು ಗೌರಮ್ಮ ಲಿಫ್ಟಿನತ್ತ ಓಡಿದರು.

ಮೇಡಂ ಬಗ್ಗಿದ್ದವರು ನಿಧಾನಕ್ಕೆ ನೆಟ್ಟಗಾದರು. ಪೊರಕೆಯನ್ನು ಮತ್ತೆ ಮೂಲೆಗಿಟ್ಟರು.

ಆಮೇಲೆ ಮುಂದಿನ ಗೆಸ್ಟ್‌ಗೆ ಫೋನ್ ಮಾಡಿದರು. "ಒಂದು ಗಂಟೆ ತಡ ಆಗುತ್ತೆ ಸರ್... ಕ್ಷಮಿಸಿ."

ಗೌರಮ್ಮ ಹೋಗಿ ಅರ್ಧ ಗಂಟೆ ಕಳೆದ ಮೇಲೆ ಇಬ್ಬರೂ ಸೇರಿ ಗುಡಿಸಿದರು. ಫ್ಯಾನಿನಿಂದ ಉದುರಿದ ಧೂಳು, ಹಾಸಿಗೆಯಿಂದ ಜಾರಿದ ಕೂದಲು... ಎಲ್ಲವೂ ಒಂದೇ ಸಲಕ್ಕೆ ಬಂತು.

ತಡವಾಗಿದ್ದಕ್ಕೆ ಹೊಸ ಗೆಸ್ಟ್ ಕೋಪ ಮಾಡಿಕೊಂಡು ಮೂರೇ ಸ್ಟಾರ್ ಕೊಟ್ಟರು.

ವಿಷಯ ತಿಳಿದ ಶಿವನಂಜಮ್ಮ ತಾನಾಗಿಯೇ ಮೇಡಂ ಮನೆಗೆ ಹೋಗಿ ಬೀಗದ ಕೈ ಮುಂದಿಟ್ಟಳು. ಆಪರೇಷನ್ ಏನಾಯಿತೋ ಅವಳಿಗೆ ಗೊತ್ತಿರಲಿಲ್ಲ. ತನ್ನ ಕೆಲಸ ಏನಾಯಿತೆಂದು ಮಾತ್ರ ಗೊತ್ತಿತ್ತು.

ಮೇಡಂ ಆ ಕೀಯನ್ನು ಮತ್ತೆ ಅವಳ ಕೈಯಲ್ಲೇ ಇಟ್ಟು ಬೆರಳು ಮಡಚಿದರು.

"ನಾಳೆ ಹನ್ನೊಂದಕ್ಕೆ ಒಂದು ಫ್ಯಾಮಿಲಿ ಹೊರಡುತ್ತೆ. ಇನ್ಮೇಲೆ ಮುಂದಿನವ್ರು ಎರಡು ಗಂಟೆಗೆ ಮುಂಚೆ ಬರಲ್ಲ... ನೀವು ಅವ್ರನ್ನ ಸಮಾಧಾನವಾಗಿ ಕಳ್ಸಿಕೊಡಿ ಶಿವನಂಜಮ್ಮ."

*

ಸ್ವಚ್ಛತೆ ಎಂದರೆ ಕೊಳೆಯನ್ನು ತೆಗೆಯುವುದು... ಇದ್ದು ಹೋದ ಮನುಷ್ಯರನ್ನೇ ಗುಡಿಸಿ ಹಾಕುವುದಲ್ಲ.

ನಿಮ್ಮ ಬಾಗಿಲಿಂದ ಯಾರಾದರೂ ಹೊರಟಾಗ, ನೀವು ಎಷ್ಟು ಹೊತ್ತು ಅಲ್ಲೇ ನಿಂತು ನೋಡುತ್ತೀರಿ?