ಮಾಳಿಗೆಯ ಮೇಲಿನ ಕೊಬ್ಬರಿ ಎಣ್ಣೆ

ಚಳಿಗಾಲವನ್ನು ಅಕ್ಷತಾ ಕಂಡವಳಲ್ಲ. ಅವಳು ಹುಟ್ಟುವ ಮೊದಲೇ ಅದು ಬರುವುದನ್ನು ನಿಲ್ಲಿಸಿತ್ತು. ಆದರೂ ಧಾರವಾಡದ ಅವಳ ಅತ್ತೆ ಚನ್ನಬಸವ್ವ ಪ್ರತಿ ದಸರೆಗೆ ಬನ್ನಿ ಹಂಚಿದ ಮರುದಿನವೇ ಮಾಳಿಗೆಯ ಮೇಲೆ ಕೊಬ್ಬರಿ ಎಣ್ಣೆಯ ಬಾಟಲಿ ಇಟ್ಟು, ಚಳಿ ಬಂತೇ ಎಂದು ದಿನಾ ಅಲ್ಲಾಡಿಸಿ ನೋಡುತ್ತಿದ್ದಳು. ಎಣ್ಣೆಗೆ ಹೇಗೆ ಗೊತ್ತಾಗುತ್ತದೆಂದು ಕೇಳಿದರೆ, "ಬರಲಿ, ನೀನೇ ನೋಡೀಯಂತ" ಎನ್ನುತ್ತಿದ್ದಳು.

ಆ ಬೆಳಿಗ್ಗೆ ಅಕ್ಷತಾ ಮಾಳಿಗೆಯಿಂದ ಇಳಿದು ಬಂದಳು. "ಅತ್ತಿ, ನಿಮ್ಮ ಎಣ್ಣಿ ಕೆಟ್ಟೈತ್ರಿ. ಬೆಳ್ಳಗ ಗಟ್ಟಿ ಆಗಿತ್ತು, ಮೂಗು ಮುಚ್ಕೊಂಡು ಒಗದು ಬಂದೆ. ನನಗೂ ಜ್ವರ ಬಂದಂಗ ಮೈ ನಡಗಾಕತ್ತೈತಿ."

ಚನ್ನಬಸವ್ವನ ಕೈಯಿಂದ ಚಹಾದ ಕಪ್ಪು ಜಾರಿತು. ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಓಡಿದಳು. ಹಿಂದೆಯೇ ಬಂದ ಅಕ್ಷತಾ ಅವಳ ಮುಖ ನೋಡಿ ಕೂಗಿದಳು.

"ಅತ್ತಿ, ನಿಮ್ಮ ಬಾಯಾಗಿಂದ ಹೊಗಿ ಬರಾಕತ್ತೈತ್ರಿ."

ಮುದುಕಿ ಬೆರಳಿನಿಂದ ಸೊಸೆಯ ಬಾಯಿ ತೋರಿಸಿದಳು. ಅಲ್ಲಿಂದಲೂ ಬರುತ್ತಿತ್ತು.