ಹೆಸರು ಹೇಳದ ಡಬ್ಬಿ

ಎರಡನೆಯ ಡಬ್ಬಿಯ ಮೇಲೆ ರುಕ್ಮಿಣಿಬಾಯಿಗೆ ಮೊದಲ ದಿನದಿಂದಲೇ ಗುಮಾನಿ. ಮೆಷೀನು ಅಂದರೆ ಕೇಳಿದ ಕೂಡಲೇ ಉತ್ತರ ಕೊಡಬೇಕು. ಇದು ಮಾತಾಡುವ ಮೊದಲು ತುಸು ತಡೆಯುತ್ತಿತ್ತು, ಬಾಯಲ್ಲಿ ಎಲೆ-ಅಡಿಕೆ ಇದ್ದವರ ಹಾಗೆ.

ಬೀದರಿನ ನೌಬಾದದ ಆ ಮನೆಯ ಗೋಡೆಗೂಡಿನಲ್ಲಿ, ಮಾತು ಕೇಳಿ ಮೋಟರ್ ನಡೆಸುವ ಎರಡು ಡಬ್ಬಿಗಳು ಅಕ್ಕಪಕ್ಕ ಕೂತು ವಾರವಾಗಿತ್ತು. ಬರಗಾಲದ ವರ್ಷ. ನಲ್ಲಿಗೆ ನೀರು ಯಾವಾಗ ಬರುತ್ತದೋ ದೇವರಿಗೂ ಗೊತ್ತಿಲ್ಲ. ಬಂದ ಗಳಿಗೆಗೆ ಮೋಟರ್ ಹಚ್ಚಿ ಟಾಕಿ ತುಂಬಿಸಲು ಮನೆಯಲ್ಲಿ ಒಬ್ಬರು ಇರಲೇಬೇಕು, ಆ ಒಬ್ಬರು ಯಾವಾಗಲೂ ರುಕ್ಮಿಣಿಬಾಯಿಯೇ. ನಾಳೆ ಭಾಲ್ಕಿಯಲ್ಲಿ ಮಗಳ ಕುಬಸ. ಚೊಚ್ಚಲ ಬಸುರಿಗೆ ತಾಯಿಯೇ ಉಡಿ ತುಂಬದಿದ್ದರೆ ಹೇಗೆ? ಅದಕ್ಕೇ ಗಂಡ ಶಿವರಾಜಪ್ಪ ಈ ಪೈಪೋಟಿ ಹೂಡಿದ್ದ. ಗೆದ್ದ ಡಬ್ಬಿ ಮನೆ ಕಾಯುತ್ತದೆ. ಎರಡೂ ಸೋತರೆ ಹೆಂಡತಿ ಕಾಯುತ್ತಾಳೆ.

ಮೊದಲನೆಯದು ಹೈದರಾಬಾದಿನಿಂದ ಬಂದದ್ದು. ಬಣ್ಣಬಣ್ಣದ ದೀಪ, ಪುಸ್ತಕದ ಕನ್ನಡ. "ಮೋಟರ್ ಚಾಲೂ ಮಾಡವ್ವಾ" ಅಂದರೆ "ಕ್ಷಮಿಸಿ, ಅರ್ಥವಾಗಲಿಲ್ಲ" ಅನ್ನುತ್ತಿತ್ತು. ನಲ್ಲಿ ಬರೀ ಗಾಳಿ ಬಿಟ್ಟಾಗ ನೀರೆಂದು ನಂಬಿ ಮೋಟರ್ ಹಚ್ಚಿ, ಅದನ್ನು ಕಾದ ಹಂಚು ಮಾಡಿಟ್ಟಿತು.

ಎರಡನೆಯದನ್ನು ತಂದವನು ಮೆಹಕರ ಹಳ್ಳಿಯ ಗೋರಖನಾಥ. ಹೊಲದ ಪಂಪ್‌ಸೆಟ್ಟುಗಳಿಗೆ ಮೊಬೈಲಿನಿಂದ ಚಾಲೂ ಆಗುವ ಸ್ಟಾರ್ಟರ್ ಕೂರಿಸುತ್ತಿದ್ದವ. ಬಾವಿಗಳು ಬತ್ತಿ ಊರ ಅರ್ಧ ಮಂದಿ ಪುಣೆಯ ಹಾದಿ ಹಿಡಿದಾಗ, ಇವನು ಅದೇ ಸ್ಟಾರ್ಟರ್ ಹೊತ್ತು ಬೀದರಿಗೆ ಬಂದಿದ್ದ.

"ನಾಕ ಮನಿ ಸಿಕ್ಕರ ಸಾಕ್ರಿ, ನಾವು ಗಂಡಾ-ಹೆಂಡ್ತಿ ಊರು ಬಿಡೋದು ತಪ್ತದ" ಅಂದಿದ್ದ.

ಅವನ ಡಬ್ಬಿಗೆ ನಲ್ಲಿಯ ಸದ್ದು ಚೆನ್ನಾಗಿ ಗೊತ್ತಿತ್ತು. "ತಡೀರಿ ಬಾಯಾರ, ಬರೀ ಗಾಳಿ ಅದ. ಹಾಂ, ಈಗ ನೀರಿನ ಸಪ್ಪಳಾ ಬಂತ್ರಿ!" ಅನ್ನುವಷ್ಟರಲ್ಲಿ ಮೋಟರ್ ಗುಯ್‌ಗುಟ್ಟಿತ್ತು.

ಕುಬಸ ಅಂದಮೇಲೆ ಹೆಂಗಸರು ಪ್ರಾಸದ ಒಡಪು ಕಟ್ಟಿಸಿ ಗಂಡನ ಹೆಸರು ಹೇಳಿಸದೆ ಬಿಡುವುದಿಲ್ಲ. ಬೇರೆ ಹೊತ್ತಿನಲ್ಲಿ ಬಾಯಿತಪ್ಪಿಯೂ ಆ ಹೆಸರೆತ್ತದ ರುಕ್ಮಿಣಿಬಾಯಿ, ಒಲೆಯ ಮುಂದೆ ಒಂದನ್ನು ಕಟ್ಟಿ ಹೇಳಿ ನೋಡಿದಳು.

"ಹೋಳಿಗಿ ಮ್ಯಾಲ ಹಾಕ್ತೇನಿ ತುಪ್ಪ, ನಮ್ಮ ಮನಿ ಯಜಮಾನ್ರು ಶಿವರಾಜಪ್ಪ."

"ಶಿವರಾಜಪ್ಪ ಎಂಬ ನಾಲ್ವರಿದ್ದಾರೆ. ಯಾರಿಗೆ ಕರೆ ಮಾಡಲಿ?" ಎಂದಿತು ಮೊದಲ ಡಬ್ಬಿ.

"ಒಬ್ಬಾಂವನ ಸಾಕಾಗ್ಯಾನವ್ವಾ!"

ಎರಡನೆಯದು ಕಿಸಕ್ಕನೆ ನಕ್ಕಿತು. "ಒಡಪು ಭಾಳ ಚಂದ ಅದ್ರಿ."

ಸಂಜೆ ಕೊನೆಯ ಪರೀಕ್ಷೆ. ಶಿವರಾಜಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ, "ನಿನ್ನ ತಂದು ಇಲ್ಲಿ ಕೂಡ್ಸಿದಾಂವನ ಹೆಸರೇನು?"

ಮೊದಲನೆಯದು ಕಂಪನಿಯ ವಂಶಾವಳಿಯನ್ನೇ ಒಪ್ಪಿಸಿತು. ಎರಡನೆಯದು ಮೆಲ್ಲಗೆ ಕೆಮ್ಮಿತು. ಮತ್ತೆ ಕೇಳಿದ.

"ಅವರು... ಅಲ್ಲೇ ಬಾಗಿಲದಾಗ ನಿಂತಾರಲ್ರಿ."

"ಹೆಸರು ಕೇಳ್ದೆ!"

"ಅದೊಂದು ಕೇಳಬ್ಯಾಡ್ರಿ ಸಾಹೇಬ್ರ."

ಬಾಗಿಲಲ್ಲಿ ನಿಂತಿದ್ದ ಗೋರಖನಾಥ ಚೌಕಟ್ಟು ಹಿಡಿದುಕೊಂಡ. ಶಿವರಾಜಪ್ಪ ತೊಡೆ ತಟ್ಟಿ ನಕ್ಕ. "ಓಣ್ಯಾಗಿನ ಹಾಲಿನವನ ಹೆಸರು ಗೊತ್ತು, ತನ್ನ ಮಾಲಕನ ಹೆಸರು ಗೊತ್ತಿಲ್ಲ! ಎರಡೂ ಬ್ಯಾಡ, ಬಿಚ್ಚು. ಕುಬಸಕ್ಕ ನಾ ಒಬ್ಬನೇ ಹೋಗಿಬರ್ತೇನಿ."

ಗೋರಖನಾಥ ಸ್ಕ್ರೂಡ್ರೈವರ್ ತೆಗೆದ. ರುಕ್ಮಿಣಿಬಾಯಿಗೆ ಅಳು ಬಂತು. ಮಗಳಿಗೆಂದು ತಂದ ಹಸಿರು ಸೀರೆ ಮಂಚದ ಮೇಲೇ ಇತ್ತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವಳು ಅರ್ಧಕ್ಕೇ ನಿಂತಳು. ಡಬ್ಬಿಯನ್ನು ನೋಡಿದಳು, ಬಾಗಿಲಲ್ಲಿ ನಿಂತವನನ್ನು ನೋಡಿದಳು. ಅಳು ಇದ್ದಲ್ಲಿ ನಗು ಬಂತು.

"ತಡೀರಿ, ನಂದೊಂದು ಪ್ರಶ್ನಿ ಅದ. ಜವಾಬು ಬಂದರ ಇದೇ ಮನಿ ಕಾಯ್ತದ, ನಾ ಭಾಲ್ಕಿಗೆ ಬರ್ತೇನಿ. ಕಬೂಲ ಏನ್ರಿ?"

"ಕಬೂಲ" ಅಂದ ಶಿವರಾಜಪ್ಪ.

ರುಕ್ಮಿಣಿಬಾಯಿ ಡಬ್ಬಿಯ ಹತ್ತಿರ ಬಾಗಿದಳು. "ಅವರ ಹೆಸರು ಹಂಗ ಹೇಳಬ್ಯಾಡವ್ವಾ. ಒಡಪಿನ್ಯಾಗ ಹೇಳು."

ಡಬ್ಬಿಯೊಳಗೆ ಬಳೆಗಳ ಸದ್ದಾಯಿತು.

"ಬರಗಾಲದಾಗೂ ಬೇವಿನ ಗಿಡ ಹಸರಾ, ಮೆಹಕರದಾಗ ಕುಂತು ಹೇಳ್ತೇನಿ ಗೋರಖನಾಥರ ಹೆಸರಾ!"